ಸಾಸ್ವೆಹಳ್ಳಿ ಅಂತ ಬರೆದ ಸಾಲು

ಚೈತ್ರಶ್ರೀಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದಿರಿ ಅಂತ ಬೀಗುವುದು ಬೇಡ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಕೆಟ್ಟವಳಲ್ಲ. ಬೆಳಿಗ್ಗೆ ಬಂದ ಕೂಡಲೇ “ಅಕ್ಕಾ, ತಿಂಡಿ ಆತಾ?” ಅಂತ ಕೇಳುತ್ತಿದ್ದಳು. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ನಮ್ಮ ಆಫೀಸು ಚನ್ನಗಿರಿಯಲ್ಲಿ, ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಾಗಲೇ ಕ್ರಿಮಿನಾಶಕದ ವಾಸನೆ ಮೂಗಿಗೆ ಹೊಡೆಯುತ್ತದೆ. ಮೊದಲು ಅಲ್ಲಿ ಬಸವರಾಜಪ್ಪ ಸರ್ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಈಗ ಅವರ ಕೈಕೆಳಗೆ ನಾವು ಮೂರು ಜನ ಕೂತು ಸುತ್ತಲಿನ ಸಂಘಗಳಿಗೆ ವೆಬ್‌ಸೈಟು, ಆ್ಯಪು ಮಾಡಿಕೊಡುತ್ತೇವೆ. ಅವುಗಳಲ್ಲಿ ದೊಡ್ಡದು ‘ಪಾಳಿ’. ಮೆಕ್ಕೆಜೋಳ ಒಕ್ಕುವ ಮಷಿನ್ನು ಯಾರ ಕಣಕ್ಕೆ ಯಾವ ದಿನ ಬರುತ್ತದೆ ಅಂತ ರೈತರು ಫೋನಿನಲ್ಲೇ ನೋಡಿ ಪಾಳಿ ಹಿಡಿಯುವ ವೆಬ್ ಆ್ಯಪು ಅದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಈ ಮೂರೂ ತಾಲ್ಲೂಕಿನಲ್ಲಿ ಆರು ವರ್ಷದಿಂದ ನಡೆಯುತ್ತಿದೆ. ಅದನ್ನು ಮೊದಲ ಸಾಲಿನಿಂದ ಕಟ್ಟಿದವಳು ನಾನು, ಪ್ರಮೀಳಾ.

ಆರು ವರ್ಷ ಆಫೀಸಿನಲ್ಲಿ ಯಾರಿಗೆ ಏನೇ ತೊಡಕು ಬಂದರೂ ಸರ್ ತಮ್ಮ ಕುರ್ಚಿಯಿಂದಲೇ “ಪ್ರಮೀಳನ್ನ ಕೇಳ್ರಿ” ಅನ್ನುತ್ತಿದ್ದರು. ಸಂಘದವರು ಫೋನ್ ಮಾಡಿದರೂ ಅದೇ ಮಾತು. ನನ್ನ ಸಂಬಳ ಎಷ್ಟು ಅಂತ ಕೇಳಿದರೆ ನಿಮಗೆ ನಗು ಬರುತ್ತದೆ. ಆದರೆ ಆ ಎರಡು ಪದ ಕೇಳಿದ ದಿನ ನನಗೆ ಊಟವೂ ಬೇಕಿರಲಿಲ್ಲ.

ಪಾಳಿಯ ಒಳಗೆ ಒಂದು ಬಿಲ್ಡ್ ಟೂಲ್ ಇದೆ. ಅದೇನು ಅಂತ ನನ್ನ ಗಂಡ ರಮೇಶ್ ಕೇಳಿದಾಗ ನಾನು ಹಿಟ್ಟಿನ ಗಿರಣಿ ಅಂದಿದ್ದೆ. ನಾವು ಬರೆದಿಟ್ಟ ನೂರಾರು ಫೈಲುಗಳನ್ನು ಅದಕ್ಕೆ ಸುರಿದರೆ ಕಲ್ಲು-ಕಸ ತೆಗೆದು, ನುಣ್ಣಗೆ ಮಾಡಿ, ಫೋನು ಅರಗಿಸಿಕೊಳ್ಳುವ ಹಾಗೆ ಕೊಡುತ್ತದೆ. ಎಷ್ಟು ನುಣ್ಣಗೆ, ಯಾವುದನ್ನು ಬಿಡಬೇಕು, ಯಾವುದನ್ನು ಸೇರಿಸಬೇಕು ಅನ್ನುವುದನ್ನೆಲ್ಲ ಒಂದು ಕಾನ್ಫಿಗ್ ಫೈಲಿನಲ್ಲಿ ಬರೆದಿಡಬೇಕು. ನಾನು ಬರೆದದ್ದು ನಾನೂರು ಸಾಲು. ಒಂದು ಸಲ ಗಿರಣಿ ತಿರುಗಿ ಮುಗಿಯಲು ನಾಲ್ಕು ನಿಮಿಷ ಬೇಕಿತ್ತು. “ಬಿಲ್ಡ್ ಹಾಕಿದೀನಿ” ಅಂತ ನಾನು ಅಂದರೆ ಸಾಕು, ಎಲ್ಲರೂ ಕುರ್ಚಿ ಸರಿಸಿ ಎದ್ದು ಕೆಳಗೆ ಟೀ ಕುಡಿಯಲು ಹೋಗುವುದು ನಮ್ಮ ಆಫೀಸಿನ ಪದ್ಧತಿಯೇ ಆಗಿಹೋಗಿತ್ತು.

ಆ ಫೈಲಿನಲ್ಲಿ ನನ್ನದೊಂದು ಅಭ್ಯಾಸ ಇತ್ತು. ಯಾವುದಾದರೂ ಸಾಲನ್ನು ಯಾಕೆ ಹಾಕಿದೆ ಅಂತ ಪಕ್ಕದಲ್ಲಿ ಟಿಪ್ಪಣಿ ಬರೆಯಬೇಕು, ಅದು ನಮ್ಮ ಕಸುಬಿನ ನಿಯಮ. ಉದ್ದುದ್ದ ಇಂಗ್ಲಿಷು ಬರೆಯುವುದು ನನಗೆ ಬೇಜಾರು. ಅದಕ್ಕೆ ಯಾವ ಊರಿನಲ್ಲಿ ತೊಂದರೆ ಬಂದು ಆ ಸಾಲು ಹಾಕಿದೆನೋ ಆ ಊರಿನ ಹೆಸರು ಬರೆದು ಬಿಡುತ್ತಿದ್ದೆ. ಒಂದು ಕಡೆ ಕತ್ತಲಗೆರೆ, ಒಂದು ಕಡೆ ಹೊನ್ನಾಳಿ, ಒಂದು ಕಡೆ ಸಾಸ್ವೆಹಳ್ಳಿ. ಹೀಗೆ ಹನ್ನೊಂದು ಊರು. ನನಗೆ ಹೆಸರು ಕಂಡರೆ ಸಾಕು, ಅಲ್ಲಿ ನಡೆದದ್ದೆಲ್ಲ ನೆನಪಾಗುತ್ತಿತ್ತು. ಬೇರೆಯವರಿಗೆ ಅದು ಬಸ್ಸಿನ ಬೋರ್ಡಿನ ಹಾಗೆ ಕಾಣುತ್ತಿತ್ತು. ಬೇರೆಯವರಿಗೆ ತಿಳಿಯದಿದ್ದರೇ ಒಳ್ಳೆಯದು ಅಂತ ಒಳಗೊಳಗೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಚೈತ್ರಶ್ರೀ ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಇಪ್ಪತ್ನಾಲ್ಕು ವಯಸ್ಸು. ಚನ್ನಗಿರಿಯಲ್ಲಿ ಅವರ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ನಮ್ಮಲ್ಲಿಗೆ ಕೆಲಸಕ್ಕೆ ಬಂದಳು. ಬಂದು ಮೂರನೇ ವಾರಕ್ಕೆ ಸರ್ ಹತ್ತಿರ ಹೋಗಿ, “ಸಾರ್, ಈ ಬಿಲ್ಡ್ ಟೂಲ್ ಭಾಳ ಹಳೇದು. ಹೊಸದು ಹಾಕಿದ್ರೆ ಟೈಮ್ ಉಳೀತೈತೆ. ನಾನು ಮಾಡ್ಲಾ?” ಅಂದಳು.

“ಪ್ರಮೀಳನ್ನ ಕೇಳು,” ಅಂದರು ಸರ್.

ನನ್ನನ್ನು ಕೇಳಿದಳು. ನಡೆಯುತ್ತಿರುವುದನ್ನು ಯಾಕೆ ಕೆಡಿಸಬೇಕು ಅಂದೆ. “ಹೌದಲ್ಲಕ್ಕ” ಅಂದಳು. ಹಾಗಂದವಳು ಭಾನುವಾರ ಮನೆಯಲ್ಲಿ ಕೂತು ಸುಮ್ಮನೆ ನೋಡೋಣ ಅಂತ ಬೇರೆ ಒಂದು ನಕಲು ಮಾಡಿಕೊಂಡು ಅದರಲ್ಲಿ ಹೊಸ ಟೂಲು ಹಾಕಿದ್ದಳು. ಸೋಮವಾರ ಎಲ್ಲರಿಗೂ ತೋರಿಸಿದಳು. ಬಿಲ್ಡ್ ಹಾಕಿದಳು. ನಮ್ಮ ರೇಣುಕಪ್ರಸಾದ್, ಹಳ್ಳಿಗಳಿಗೆ ಓಡಾಡಿ ರೈತರಿಗೆ ಆ್ಯಪು ಕಲಿಸುವವನು, ಅಭ್ಯಾಸಬಲದಿಂದ ಟೀಗೆ ಅಂತ ಎದ್ದು ಬಾಗಿಲು ದಾಟಿದ್ದ. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಸರ್ ವಾಪಸ್ ಕರೆದರು.

“ಬಾರಪ್ಪ, ಮುಗೀತು. ಒಂಬತ್ತು ಸೆಕೆಂಡು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅವಳ ಕಾನ್ಫಿಗ್ ಫೈಲು ನಲವತ್ತು ಸಾಲು ಇತ್ತು. ನನ್ನ ನಾನೂರು ಸಾಲಿನ ಎದುರು ಅದು ನಿನ್ನೆ ಬೋಳಿಸಿದ ತಲೆಯ ಹಾಗಿತ್ತು ಅಂತ ಬೈದುಕೊಂಡೆ. ಆದರೆ ಚೆನ್ನಾಗಿತ್ತು. ಚೆನ್ನಾಗಿದೆ ಅಂತ ತಿಳಿಯುವಷ್ಟು ವಿದ್ಯೆ ನನಗಿತ್ತಲ್ಲ, ಅದೇ ದೊಡ್ಡ ಸಂಕಟ.

ಅದಾದ ಮೇಲೆ ಎರಡು ವಾರಕ್ಕೆ ಸರ್ ಅವರ ‘ಪ್ರಮೀಳನ್ನ ಕೇಳ್ರಿ’ ಅನ್ನುವ ಮಾತು ಬದಲಾಯಿತು. ನ್ಯಾಮತಿಯಿಂದ ಯಾರೋ ಫೋನ್ ಮಾಡಿ ಏನೋ ಕೇಳಿದರು. ಸರ್ ಫೋನಿಗೆ ಕೈ ಅಡ್ಡ ಹಿಡಿದು, ನನ್ನ ಕಡೆ ನೋಡಿ, ನನ್ನನ್ನು ದಾಟಿ, “ಚೈತ್ರನ್ನ ಕೇಳೋಣ ತಡೀರಿ” ಅಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನಗೆ ಇನ್ನೂ ಮೂವತ್ತಾರು, ಆಗಲೇ ಅತ್ತೆ ಮಾಡಿ ಕೂರಿಸಿದರು. ಆ ದಿನ ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ರಮೇಶ್ ಒಂದು ತುತ್ತು ತಿಂದು, ಮಜ್ಜಿಗೆ ಕಲಸಿಕೊಂಡು, “ಆಫೀಸಿನಾಗೆ ಯಾರ ಮೇಲೆ ಸಿಟ್ಟು?” ಅಂತ ಮಾತ್ರ ಕೇಳಿದ. ಯಾರ ಮೇಲೂ ಇಲ್ಲ ಅಂದೆ.

ದಸರಾ ಕಳೆದ ಮೇಲೆ ಸರ್ ನಮ್ಮನ್ನೆಲ್ಲ ಕೂರಿಸಿಕೊಂಡು ವಿಷಯ ಹೇಳಿದರು. ಜಗಳೂರಿನ ರೈತರ ಕಂಪನಿಯೊಂದು ಪಾಳಿ ಸೇರಲು ಒಪ್ಪಿತ್ತು. ಮೊದಲು ಸೊಕ್ಕೆಯಲ್ಲಿ ಶುರು. ನಾಲ್ಕು ತಾಲ್ಲೂಕು ಆದ ಮೇಲೆ ಪಾಳಿಯ ಪೂರ್ತಿ ಜವಾಬ್ದಾರಿ ಒಬ್ಬರ ಕೈಯಲ್ಲಿರಬೇಕು.

“ಹೊಸ ಟೂಲಿನಾಗೇ ಸೊಕ್ಕೆ ಮಾಡೋಣ. ಚೈತ್ರಂದೇ ಊರು, ಚೈತ್ರನೇ ನೋಡ್ಕಳ್ಳಿ. ಅದು ಹೆಂಗಾಗ್ತೈತೋ ನೋಡಿ ಆಮೇಲೆ ಯಾರ ಕೈಗೆ ಅಂತ ಹೇಳ್ತೀನಿ,” ಅಂದರು.

ಹೇಳುವುದು ಏನು ಉಳಿದಿತ್ತು? ಸೊಕ್ಕೆ ಸರಿಯಾದರೆ ಪಾಳಿ ಅವಳದು. ಸೊಕ್ಕೆ ಕೆಟ್ಟರೆ ನನ್ನದು. ಆರು ವರ್ಷ ಸಾಕಿದ ಮಗುವನ್ನು ಯಾರ ಸೊಂಟಕ್ಕೆ ಕೂರಿಸಬೇಕು ಅಂತ ಸೊಕ್ಕೆಯ ಜನ ತೀರ್ಮಾನ ಮಾಡಬೇಕಾಗಿತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅಂತ ಕಾದೆ.

ಬಂದಳು. ಒಂದು ಮಧ್ಯಾಹ್ನ ಲ್ಯಾಪ್‌ಟಾಪು ಎತ್ತಿಕೊಂಡು ನನ್ನ ಮೇಜಿಗೆ ಬಂದು, ಹಳೆಯ ಫೈಲು ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಅಕ್ಕಾ, ನಿಮ್ಮ ಫೈಲಿನಾಗಿಂದು ಎಲ್ಲ ಹೊಸದಕ್ಕೆ ತರ್ತಾ ಇದೀನಿ. ಬೇರೆ ಊರಿನ ಸಾಲೆಲ್ಲ ಹಂಗೇ ಬರ್ತಾವೆ. ಇದೊಂದು ಬರಲ್ಲ. ಇದು ಬೇಕಂದ್ರೆ ಹೊಸ ಟೂಲಿಗೆ ಬೇರೆ ಒಂದು ತುಂಡು ಸೇರಿಸ್ಬೇಕು. ಪಕ್ಕದಾಗೆ ಸಾಸ್ವೆಹಳ್ಳಿ ಅಂತ ಬರ್ದಿದೀರಿ. ಏನಿದು?”

ಏನಿದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಐದು ವರ್ಷದ ಹಿಂದೆ ಸಾಸ್ವೆಹಳ್ಳಿಯಲ್ಲಿ ಪಾಳಿ ತೆರೆದರೆ ಅರ್ಧ ಜನರ ಫೋನಿನಲ್ಲಿ ಬರೀ ಬಿಳಿ ಪರದೆ ಬಂದಿತ್ತು. ನಾನು ಅರ್ಧ ದಿನ ಒಬ್ಬ ರೈತರ ಜಗಲಿಯ ಮೇಲೆ ಕೂತು ಕಾರಣ ಹುಡುಕಿದ್ದೆ. ಅವು ಹಳೆಯ ಫೋನುಗಳು, ಜಾಗವಿಲ್ಲ ಅಂತ ಅಪ್‌ಡೇಟೇ ಆಗದವು. ನಾವು ಬರೆಯುವ ಹೊಸ ರೀತಿಯ ಕೋಡು ಅವಕ್ಕೆ ತಿಳಿಯುವುದಿಲ್ಲ. ಹಳೆಯ ಫೋನಿಗೆ ತಿಳಿಯುವ ಹಾಗೆ ಇನ್ನೊಂದು ನಕಲನ್ನೂ ಮಾಡಿಕೊಡು ಅಂತ ಬಿಲ್ಡ್ ಟೂಲಿಗೆ ಹೇಳುವ ಸಾಲು ಅದು.

“ಏನಿಲ್ಲ, ಊರಿನ ಹೆಸರು,” ಅಂದೆ.

“ತೆಗೀಲಾ ಹಂಗಾದ್ರೆ?”

“ತೆಗಿ.”

ಊರಿನ ಹೆಸರು ಅಂದದ್ದು ನಿಜವೇ ತಾನೆ. ಹಾಗಂತ ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆ ಮಾಡಲು ಇಟ್ಟುಕೊಂಡ ಹಳೆಯ ಫೋನೊಂದು ನನ್ನ ಡ್ರಾಯರಿನಲ್ಲೇ ಇತ್ತು, ಅದನ್ನೂ ಹೊರಗೆ ತೆಗೆಯಲಿಲ್ಲ. ಅವಳು “ಥ್ಯಾಂಕ್ಸ್ ಅಕ್ಕಾ” ಅಂತ ಹೋದಳು. ಅವಳ ಜಡೆ ನೋಡುತ್ತ ನನಗೆ ಎಂಥ ಸಮಾಧಾನ ಆಯಿತು ಅಂದರೆ, ಆ ವಾರ ಪೂರ್ತಿ ನಾನೇ ಅವಳಿಗೆ ತಿಂಡಿ ಆಯಿತಾ ಅಂತ ಕೇಳಿದೆ.

ನವೆಂಬರ್ ಕೊನೆಗೆ ಸೊಕ್ಕೆಗೆ ಹೋದೆವು. ಸರ್ ಕಾರಿನಲ್ಲಿ ನಾಲ್ಕೂ ಜನ. ಮೆಕ್ಕೆಜೋಳದ ತೆನೆ ಮುರಿಯುವುದು ಮುಗಿದು ಕಣಗಳಲ್ಲೆಲ್ಲ ರಾಶಿ ಬಿದ್ದಿತ್ತು, ಎಲ್ಲರಿಗೂ ಮಷಿನ್ನು ಬೇಕಾಗಿದ್ದ ಹೊತ್ತು. ಹಾಲಿನ ಡೈರಿಯ ಮುಂದೆ ಶಾಮಿಯಾನ ಹಾಕಿ ಎಪ್ಪತ್ತು-ಎಂಬತ್ತು ಜನ ಸೇರಿದ್ದರು. ರೈತರ ಕಂಪನಿಯ ಅಧ್ಯಕ್ಷರು ಮರುಳಸಿದ್ದಪ್ಪ, ಗಟ್ಟಿ ದನಿಯ ಮನುಷ್ಯ, ನಮ್ಮೂರ ಹುಡುಗಿ ಮಾಡಿರೋದು ಇದು ಅಂತ ಮೈಕಿನಲ್ಲಿ ಮೂರು ಸಲ ಹೇಳಿದರು. ಮುಂದಿನ ಸಾಲಿನಲ್ಲಿ ಚೈತ್ರಶ್ರೀಯ ತಾಯಿ ಗಾದ್ರಮ್ಮ ಮಡಿಕೆಯ ಗೆರೆ ಮಾಸದ ಹೊಸ ಸೀರೆ ಉಟ್ಟು, ಎರಡೂ ಕೈಯಲ್ಲಿ ಫೋನು ಹಿಡಿದು ಕೂತಿದ್ದರು.

ರೇಣುಕಪ್ರಸಾದ್ ಎಲ್ಲರ ಫೋನಿಗೂ ಲಿಂಕ್ ಕಳಿಸಿ, ಒತ್ತಿ ಅಂದ. ಒತ್ತಿದರು. ಹುಡುಗರ ಫೋನಿನಲ್ಲಿ ಪಾಳಿ ಚಂದವಾಗಿ ತೆರೆಯಿತು. ಉಳಿದವರು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು.

“ಏನೂ ಇಲ್ವಲ್ಲ, ಬೆಳ್ಳಗೈತೆ.”

“ನಂದೂ ಬೆಳ್ಳಗೇ ಐತೆ.”

“ಡೈರಿ ಮುಂದೆ ಇಟ್ಟಿದ್ದಕ್ಕೆ ಹಾಲು ತುಂಬ್ಕಂಡೈತೆ ಬಿಡೋ,” ಅಂತ ಹಿಂದಿನಿಂದ ಯಾರೋ ಅಂದರು. ಶಾಮಿಯಾನ ಪೂರ್ತಿ ನಕ್ಕಿತು.

ಚೈತ್ರಶ್ರೀ ನಗಲಿಲ್ಲ. ಒಬ್ಬೊಬ್ಬರ ಫೋನನ್ನೂ ಇಸಿದುಕೊಂಡು, ಮುಚ್ಚಿ ತೆರೆದು, ಮುಚ್ಚಿ ತೆರೆದು ನೋಡಿದಳು. ಗಾದ್ರಮ್ಮ ತಮ್ಮ ಫೋನು ಮೇಲೆತ್ತಿ ಹಿಡಿದು, “ನಂದು ಯಾಕೋ ಬರ್ತಾ ಇಲ್ವಲ್ಲ ಮಗಾ, ನಾನೇನಾರ ತಪ್ಪು ಒತ್ತಿದೆನಾ?” ಅಂದರು. ಮರುಳಸಿದ್ದಪ್ಪ ಮೈಕು ಕೆಳಗಿಟ್ಟು ಸರ್ ಕಡೆ ತಿರುಗಿ, “ಏನ್ರಿ ಇದು, ಇಷ್ಟು ಜನಾನ ಕೆಲಸ ಬಿಡ್ಸಿ ಕೂರ್ಸಿದೀವಿ,” ಅಂದರು. ಸರ್ ಮುಖ ಕೆಂಪಾಯಿತು. ಅವಳ ಊರಿನವರ ಎದುರೇ, ಅವಳ ತಾಯಿಯ ಎದುರೇ, “ನೋಡ್ಕಂಡು ಮಾಡಾಕೆ ಏನಾಗಿತ್ತು ನಿಂಗೆ? ಒಂಬತ್ತು ಸೆಕೆಂಡು, ಒಂಬತ್ತು ಸೆಕೆಂಡು ಅಂತ ಕುಣಿದ್ಯಲ್ಲ,” ಅಂತ ಗದರಿದರು.

ನಾನು ಹತ್ತು ನಿಮಿಷ ಸುಮ್ಮನೆ ನಿಂತಿದ್ದೆ. ಖುಷಿಯಾಯಿತು. ಇದನ್ನು ಮುಚ್ಚಿಟ್ಟರೆ ಮುಂದಿನದನ್ನು ಹೇಳುವುದರಲ್ಲಿ ಅರ್ಥವಿಲ್ಲ. ಹೊಟ್ಟೆ ತಣ್ಣಗಾಯಿತು ಅನ್ನುತ್ತಾರಲ್ಲ, ಹಾಗೇ. ಆಮೇಲೆ ನಾನೇ ಮುಂದೆ ಹೋಗಿ, “ಸಾರ್, ನಾನು ನೋಡ್ತೀನಿ,” ಅಂದೆ. ಡೈರಿಯ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು, ಬೇಕಾದ ತುಂಡು ಸೇರಿಸಿ, ಆ ಒಂದು ಸಾಲು ಬರೆದೆ. ಬಿಲ್ಡ್ ಹಾಕಿ ಸರ್ವರ್‌ಗೆ ಕಳಿಸಿದೆ. ಕಾಲು ಗಂಟೆಯೂ ಹಿಡಿಯಲಿಲ್ಲ. ಮತ್ತೆ ಒತ್ತಿ ಅಂದೆ. ಒಂದೊಂದೇ ಫೋನು ತೆರೆಯಿತು. ಚಪ್ಪಾಳೆ ತಟ್ಟಿದರು.

“ನೋಡ್ದೇನಮ್ಮ, ಅನುಭವ ಅಂದ್ರೆ ಇದು,” ಅಂದರು ಸರ್ ಅವಳಿಗೆ.

“ನಂದೇ ತಪ್ಪು ಸಾರ್. ಆ ಸಾಲು ನಾನೇ ತೆಗ್ದೆ. ಹಳೇ ಫೋನಿನಾಗೆ ನೋಡ್ಬೇಕಿತ್ತು,” ಅಂದಳು ಚೈತ್ರಶ್ರೀ. ತೆಗಿ ಅಂದವರು ಯಾರು ಅಂತ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅವಳಿಗೆ ತಿಳಿದುಹೋಗಿದೆ ಅಂತ ನನಗೆ ಆಗಲೇ ಗೊತ್ತಾಯಿತು. ಆ ಸಾಲನ್ನು ನಾನು ಹುಡುಕಲಿಲ್ಲ, ಯೋಚಿಸಲಿಲ್ಲ, ನೇರವಾಗಿ ಕೂತು ಬರೆದೆ. ಗೊತ್ತಿಲ್ಲದವರು ಹಾಗೆ ಬರೆಯುವುದಿಲ್ಲ.

ಜನ ಮಂಡಕ್ಕಿ-ಮಿರ್ಚಿ ತಿನ್ನುವಾಗ ಗಾದ್ರಮ್ಮ ನನಗೊಂದು ಲೋಟ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ನಿಂತರು.

“ನೀವೇ ಅಲ್ವೇನ್ರವ್ವ ಪ್ರಮೀಳಮ್ಮ?”

“ಹೂಂ ರೀ.”

“ಅವಳ ಕೆಲಸ ತೆಗೀತಾರೇನ್ರಿ?”

“ಇಲ್ಲ ರೀ, ಇಷ್ಟಕ್ಕೆಲ್ಲ ತೆಗಿಯಲ್ಲ.”

ಅವರು ಸೆರಗಿನಿಂದ ಫೋನಿನ ಗಾಜು ಒರೆಸಿದರು. “ಹೊಸ ಜಾಗ, ನಿಂಗೆ ತಿಳಿದಿದ್ದೇ ಸರಿ ಅನ್ಬ್ಯಾಡ, ಆ ಅಕ್ಕಂಗೆ ಎಲ್ಲ ಗೊತ್ತೈತೆ, ಕೇಳಿ ಮಾಡು ಅಂತ ದಿನಾ ಫೋನಿನಾಗೆ ಹೇಳ್ತಿದ್ದೆ. ಹೂಂ ಅವ್ವ, ಕೇಳೇ ಮಾಡ್ತೀನಿ ಅಂತಿದ್ಲು. ಕೇಳ್ಲಿಲ್ಲೇನ್ರವ್ವ ನಿಮ್ಮನ್ನ?”

ಲೋಟವನ್ನು ಬಾಯಿಂದ ಇಳಿಸಿದೆ. ಸುಮ್ಮನೆ ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಆ ಹೆಂಗಸು ತನ್ನ ಮಗಳೇ ಸುಳ್ಳು ಹೇಳಿದಳೇನೋ ಅಂತ ನನ್ನ ಮುಖ ನೋಡುತ್ತಿದ್ದರು. ಕೇಳಲಿಲ್ಲ ಅಂದರೆ ಮಗಳು ಸುಳ್ಳಿ ಆಗುತ್ತಾಳೆ. ಕೇಳಿದಳು ಅಂದರೆ ನಾನು ಏನಾಗುತ್ತೇನೆ? ಅವಳು ಬೀಳಲಿ ಅಂತ ನಾನು ಬಯಸಿದ್ದು ನಿಜ. ಬಯಸುವಾಗ ಅವಳಿಗೊಬ್ಬ ತಾಯಿ ಇದ್ದಾಳೆ, ಆ ತಾಯಿಯ ಕೈಯಲ್ಲೂ ಹಳೆಯ ಫೋನು ಇರುತ್ತದೆ ಅಂತ ಹೊಳೆದಿರಲಿಲ್ಲ.

“ಕೇಳಿದ್ಲು,” ಅಂದೆ. ಲೋಟ ಅವರ ಕೈಗೆ ಕೊಟ್ಟು, ಸರ್ ಕಾರಿನ ಹತ್ತಿರ ಮರುಳಸಿದ್ದಪ್ಪನವರ ಜೊತೆ ನಿಂತಿದ್ದಲ್ಲಿಗೆ ಹೋದೆ. ಚೈತ್ರಶ್ರೀ ಅಲ್ಲೇ ವೈರು ಸುತ್ತುತ್ತಿದ್ದಳು.

“ಸಾರ್, ಅವಳನ್ನ ಬೈಬೇಡಿ. ಅವಳು ಕೇಳಿದ್ಲು. ನಾನೇ ತೆಗಿ ಅಂದೆ.”

ಸರ್ ನನ್ನನ್ನೇ ನೋಡಿದರು. ಒಳ್ಳೆಯ ಮನುಷ್ಯ, ನನಗೆ ದಾರಿ ಬಿಟ್ಟುಕೊಟ್ಟರು. “ಮರ್ತಿದ್ದೇನಮ್ಮ? ಐದು ವರ್ಷದ ಮಾತು ಯಾರಿಗೆ ನೆನಪಿರ್ತೈತೆ.”

ಹೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಎಲ್ಲರೂ ಗೆದ್ದ ಹಾಗೆಯೇ ಇತ್ತು. ಆದರೆ ಚೈತ್ರಶ್ರೀ ವೈರು ಸುತ್ತುವುದನ್ನು ನಿಲ್ಲಿಸಿದ್ದಳು.

“ಇಲ್ಲ ಸಾರ್. ನೆನಪಿತ್ತು.”

ಮರುಳಸಿದ್ದಪ್ಪ ಅರ್ಥವಾಗದೆ ಅವರ ಮುಖ ಇವರ ಮುಖ ನೋಡಿದರು. ಸರ್ ಕಾರಿನ ಬೀಗದ ಕೈ ಜೇಬಿನಿಂದ ತೆಗೆದು ಮತ್ತೆ ಜೇಬಿಗೇ ಹಾಕಿಕೊಂಡರು. ಅವಳು ಆ ದಿನ ಊರಲ್ಲೇ ಉಳಿದಳು. ನಾವು ಮೂವರು ಚನ್ನಗಿರಿಗೆ ವಾಪಸಾದೆವು.

ಸೋಮವಾರ ಸರ್ ಎಲ್ಲರ ಎದುರು ಪಾಳಿಯ ಜವಾಬ್ದಾರಿ ಚೈತ್ರಶ್ರೀಯದು ಅಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಹೊಟ್ಟೆಕಿಚ್ಚು ಹೋಯಿತಾ ಅಂತ ಕೇಳಿದರೆ, ಇಲ್ಲ. ಸತ್ಯ ಹೇಳಿದ ಕೂಡಲೇ ಅದು ಆರಿಹೋಗುತ್ತದೆ ಅಂತ ಯಾರಾದರೂ ನಿಮಗೆ ಹೇಳಿದ್ದರೆ ಅವರಿಗೆ ಅದು ಯಾವತ್ತೂ ಬಂದಿಲ್ಲ ಅಂತಲೇ ಅರ್ಥ. ಸರ್ ಅವಳ ಹೆಸರು ಹೇಳುವಾಗ ನನ್ನ ಎದೆ ಉರಿಯುತ್ತಲೇ ಇತ್ತು.

ಮಧ್ಯಾಹ್ನ ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಹೊಸ ಕಾನ್ಫಿಗ್ ಫೈಲು ತೆರೆದಿಟ್ಟಳು.

“ಒಂದೊಂದೇ ಊರು ಹೇಳ್ರಿ,” ಅಂದಳು. ಅಕ್ಕಾ ಅನ್ನಲಿಲ್ಲ.

ಹೇಳಿದೆ. ಸಾಸ್ವೆಹಳ್ಳಿಯದನ್ನು ಮೊದಲು ಹೇಳಿದೆ, ಜಗಲಿಯ ಸಮೇತ. ಕತ್ತಲಗೆರೆಯಲ್ಲಿ ಒತ್ತಕ್ಷರಗಳು ಒಡೆದು ರೈತರ ಹೆಸರೆಲ್ಲ ಅಡ್ಡಾದಿಡ್ಡಿಯಾಗಿ ಕಂಡವು, ಅದಕ್ಕೆ ಕನ್ನಡ ಫಾಂಟನ್ನು ಆ್ಯಪಿನ ಜೊತೆಗೇ ಕಟ್ಟಿ ಕಳಿಸುತ್ತೇವೆ ಅಂದೆ. ಹೊನ್ನಾಳಿಯ ಹೊಳೆ ದಂಡೆಯ ಹಳ್ಳಿಗಳಲ್ಲಿ ನೆಟ್‌ವರ್ಕು ಸಿಗದೆ ಚಿತ್ರಗಳು ಬರುತ್ತಿರಲಿಲ್ಲ, ಅದಕ್ಕೆ ಸಣ್ಣದು ಮಾಡುವ ಸಾಲು ಅಂದೆ. ಅವಳು ಪ್ರತಿಯೊಂದಕ್ಕೂ ಯಾಕೆ, ಯಾವಾಗ, ಯಾರ ಫೋನಿನಲ್ಲಿ ಅಂತ ಕೇಳಿ, ಬಿಡಿಸಿ, ಪೂರ್ತಿ ವಾಕ್ಯದಲ್ಲಿ ಕನ್ನಡದಲ್ಲೇ ಟೈಪು ಮಾಡಿದಳು. ಒಂದೊಂದು ಊರು ಹೇಳಿದಾಗಲೂ ನನ್ನ ಒಡವೆಯನ್ನು ಒಂದೊಂದಾಗಿ ಬಿಚ್ಚಿ ಅವಳ ಮುಂದೆ ಇಟ್ಟ ಹಾಗಾಗುತ್ತಿತ್ತು. ಇನ್ನು ಯಾರು ಬೇಕಾದರೂ ಓದಬಹುದು. ನನ್ನನ್ನು ಕೇಳುವ ಅಗತ್ಯವೇ ಇಲ್ಲ.

ಹತ್ತು ಊರು ಮುಗಿಯಿತು. ಕೊನೆಗೆ ನ್ಯಾಮತಿ ಉಳಿಯಿತು.

ಎರಡು ಸಾಲಿತ್ತು ಅಲ್ಲಿ. ಓದಿದೆ. ಇನ್ನೊಮ್ಮೆ ಓದಿದೆ. ಬರೆದವಳು ನಾನೇ, ಅದರಲ್ಲಿ ಸಂಶಯವಿಲ್ಲ. ನ್ಯಾಮತಿಯ ಸಂಘದ ಆಫೀಸು ನೆನಪಾಯಿತು, ಅಲ್ಲಿ ಕೊಟ್ಟ ಅವಲಕ್ಕಿ ನೆನಪಾಯಿತು, ಬರುವಾಗ ಬಸ್ಸು ತಪ್ಪಿದ್ದು ನೆನಪಾಯಿತು. ಆ ಸಾಲು ಯಾಕೆ ಹಾಕಿದೆ ಅನ್ನುವುದು ಮಾತ್ರ ಬರಲೇ ಇಲ್ಲ. ಅವಳು ಕಾಯುತ್ತಿದ್ದಳು. ಈ ಸಲವೂ ನಾನು ಮುಚ್ಚಿಡುತ್ತಿದ್ದೇನೆ ಅಂತ ಅವಳು ಅಂದುಕೊಂಡದ್ದು ಅವಳ ಮುಖದಲ್ಲೇ ಕಾಣುತ್ತಿತ್ತು.

“ಗೊತ್ತಿಲ್ಲ,” ಅಂದೆ.

“ನಿಜವಾಗ್ಲೂ?”

“ನಿಜವಾಗ್ಲೂ. ನೆನಪಿಲ್ಲ.”

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ ನಂಬಿದಳು. ನಂಬಿದ್ದು ಇನ್ನೂ ಕೆಟ್ಟದಾಯಿತು. ತೆಗೆಯುವ ಮಾತು ಎತ್ತಲಿಲ್ಲ. ಅದೇ ನಿಧಾನದಲ್ಲಿ, ಉಳಿದ ಹತ್ತಕ್ಕೆ ಬರೆದ ಹಾಗೇ, ಟೈಪು ಮಾಡಿದಳು: “ನ್ಯಾಮತಿ. ಈ ಸಾಲು ಯಾಕಿದೆ ಎಂದು ಗೊತ್ತಿಲ್ಲ. ಪ್ರಮೀಳಾ ಅವರಿಗೂ ಗೊತ್ತಿಲ್ಲ. ತಿಳಿಯುವವರೆಗೆ ತೆಗೆಯಬಾರದು.” ಸೇವ್ ಮಾಡಿ, ಕುರ್ಚಿ ಎತ್ತಿಕೊಂಡು ತನ್ನ ಮೇಜಿಗೆ ಹೋದಳು.

ಆರು ವರ್ಷ ನನ್ನ ಹಳೆಯ ಫೈಲಿನಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. ಈಗ ಅವಳ ಫೈಲಿನಲ್ಲಿ ಒಂದೇ ಒಂದು ಕಡೆ ಇದೆ.